ಮನೆಯಲ್ಲೇ ಇನ್ವರ್ಟರ್ ಕಟ್ಟುವವರಿಗೆ: ಸ್ಕ್ವೇರ್ ವೇವ್ ಸಾಕಾ, ಸೈನ್ ವೇವೇ ಬೇಕಾ?

ಮಳೆಕಾಡು (ಸಾಗರ ತಾಲ್ಲೂಕು):
ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದಿಂದ ಸಾಕಷ್ಟು ಒಳಗಿರುವ ಹಳ್ಳಿ. ಮಳೆಗಾಲ ಹಿಡಿದರೆ ಮರ ಬಿದ್ದು ತಂತಿ ಹರಿಯುವುದು, ಎರಡು ಮೂರು ದಿನ ಕರೆಂಟ್ ಇಲ್ಲದೇ ಇರುವುದು ಇಲ್ಲಿ ಮಾಮೂಲು. ಹಳೆಯ ಇನ್ವರ್ಟರ್ ಸಿಡಿಲಿಗೆ ಹೋಯಿತು, ಬೋರ್ಡೂ ಟ್ರಾನ್ಸ್‌ಫಾರ್ಮರೂ ಎರಡೂ ಸುಟ್ಟಿವೆ. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಮಾತ್ರ ಚೆನ್ನಾಗಿದೆ. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವನು, ಸೋಲ್ಡರಿಂಗ್ ಕೈಗೆ ಬರುತ್ತದೆ. ಹೊಸದು ಕೊಳ್ಳುವ ಬದಲು ನಾನೇ ಕಟ್ಟೋಣ ಅಂತ ಇದ್ದೇನೆ.

ಲೋಡ್ ಹೀಗಿದೆ: ಮೂರು ಸೀಲಿಂಗ್ ಫ್ಯಾನ್, ಎಂಟು ಎಲ್‌ಇಡಿ ಬಲ್ಬ್, ವೈಫೈ ರೂಟರ್, ಮೊಬೈಲ್ ಚಾರ್ಜರ್, 190 ಲೀಟರಿನ ಸಿಂಗಲ್ ಡೋರ್ ಫ್ರಿಜ್. ಫ್ರಿಜ್ ಬಿಡುವ ಹಾಗಿಲ್ಲ, ಅಪ್ಪನ ಇನ್ಸುಲಿನ್ ಅದರಲ್ಲೇ ಇರುವುದು.

ಸಿಡಿ4047 ಐಸಿ, ಎರಡು ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್), ಒಂದು 12-0-12 ಟ್ರಾನ್ಸ್‌ಫಾರ್ಮರ್ ಹಾಕಿ ಮಾಡುವ ಸರ್ಕ್ಯೂಟ್ ಎಲ್ಲ ಕಡೆ ಸಿಗುತ್ತದೆ. ಅದು ಕೊಡುವುದು ಸ್ಕ್ವೇರ್ ವೇವ್, ಅಂದರೆ ಮನೆ ಕರೆಂಟಿನ ಸೈನ್ ವೇವಿನಂತೆ ನುಣುಪಾಗಿ ಏರಿಳಿಯದೆ ಥಟ್ಟನೆ ಮೇಲೆ ಕೆಳಗೆ ಹಾರುವ ಅಲೆ. ಇಷ್ಟು ಲೋಡಿಗೆ ಅದು ಸಾಕಾಗುತ್ತದಾ? ಮಾಡಿಫೈಡ್ ಸೈನ್ ಅಂತ, ನಡುನಡುವೆ ಸೊನ್ನೆಯಲ್ಲಿ ನಿಲ್ಲುವ ಸ್ಕ್ವೇರ್ ವೇವ್, ಒಂದಿದೆಯಲ್ಲ, ಅದಕ್ಕೆ ಹೋಗಲಾ? ಇಲ್ಲ, ಕಷ್ಟಪಟ್ಟಾದರೂ ಪ್ಯೂರ್ ಸೈನೇ ಮಾಡಬೇಕಾ?

ಬೆಸುಗೆ (ಬೆಂಗಳೂರು):
ಮೊದಲು ಲೋಡನ್ನು ಎರಡು ಪಾಲು ಮಾಡಿ. ಅಲೆಯ ಆಕಾರದ ಗೊಡವೆಯೇ ಇಲ್ಲದವು ಒಂದು ಕಡೆ, ಅದರಿಂದಲೇ ಬದುಕುವವು ಇನ್ನೊಂದು ಕಡೆ.

ಮೊಬೈಲ್ ಚಾರ್ಜರ್, ಟಿವಿ, ರೂಟರಿನ ಅಡಾಪ್ಟರ್, ಒಳ್ಳೆಯ ಡ್ರೈವರ್ ಇರುವ ಎಲ್‌ಇಡಿ ಬಲ್ಬ್ ಇವೆಲ್ಲ ಬಂದ ಎಸಿಯನ್ನು ಮೊದಲು ಡಯೋಡ್ ಬ್ರಿಜ್ಜಿನಲ್ಲಿ ಡಿಸಿ ಮಾಡಿಕೊಳ್ಳುತ್ತವೆ. 100 ರಿಂದ 240 ವೋಲ್ಟ್ ಅಂತ ಬರೆದಿರುವ ಅಡಾಪ್ಟರ್ ಸ್ಕ್ವೇರ್ ವೇವಿನಲ್ಲೂ ನೆಮ್ಮದಿಯಾಗಿ ಓಡುತ್ತದೆ. ಮಿಕ್ಸಿಯ ಯೂನಿವರ್ಸಲ್ ಮೋಟಾರಿಗೂ ಆಕಾರ ಮುಖ್ಯವಲ್ಲ, ಅದಕ್ಕೆ ಬೇಕಾದ ವ್ಯಾಟ್ ನಿಮ್ಮ ಬ್ಯಾಟರಿಗೆ ಹೆಚ್ಚು, ಅಷ್ಟೇ.

ತೊಂದರೆ ಇರುವುದು ಫ್ಯಾನ್ ಮತ್ತು ಫ್ರಿಜ್‌ನಲ್ಲಿ. ಎರಡೂ ಇಂಡಕ್ಷನ್ ಮೋಟಾರ್. ಸ್ಕ್ವೇರ್ ವೇವಿನಲ್ಲಿ 50 ಹರ್ಟ್ಸ್ ಜೊತೆಗೆ 150, 250, 350 ಹರ್ಟ್ಸ್‌ಗಳೂ ಸೇರಿರುತ್ತವೆ. ಅವು ಮೋಟಾರನ್ನು ತಿರುಗಿಸುವ ಕೆಲಸಕ್ಕೆ ಬರುವುದಿಲ್ಲ, ಕಾಯಿಲನ್ನು ಬಿಸಿ ಮಾಡುತ್ತವೆ, ಗುಂಯ್ ಅನ್ನಿಸುತ್ತವೆ. ಫ್ಯಾನಿನ ಕೆಪ್ಯಾಸಿಟರನ್ನೇ ನೋಡಿ: 2.5 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ 50 ಹರ್ಟ್ಸ್‌ನಲ್ಲಿ ಸುಮಾರು 1270 ಓಮ್ ತಡೆ ಒಡ್ಡುತ್ತದೆ. 150 ಹರ್ಟ್ಸ್‌ಗೆ ಅದೇ ತಡೆ 425 ಓಮ್‌ಗೆ ಇಳಿಯುತ್ತದೆ. ಬೇಡದ ಕರೆಂಟ್ ಸಲೀಸಾಗಿ ನುಗ್ಗಲು ಅದೇ ದಾರಿ.

ಎಲ್‌ಇಡಿ ಬಲ್ಬಿನಲ್ಲೂ ಒಂದು ಜಾತಿ ಹುಷಾರು. ಅಗ್ಗದ ಬಲ್ಬು, ಜೀರೋ ಬಲ್ಬುಗಳಲ್ಲಿ ಡ್ರೈವರ್ ಬದಲು ಬರೀ ಒಂದು ಕೆಪ್ಯಾಸಿಟರ್ ಇರುತ್ತದೆ. ಸ್ಕ್ವೇರ್ ವೇವಿನ ಒಂದೊಂದು ಅಂಚಿಗೂ ಅದರಲ್ಲಿ ಕರೆಂಟ್ ಚಿಮ್ಮುತ್ತದೆ, ಬಲ್ಬು ಬೇಗ ಸಾಯುತ್ತದೆ. ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ: ಪುಟ್ಟ ಕಾಯಿಲೋ ಟ್ರಾನ್ಸ್‌ಫಾರ್ಮರೋ ಕಾಣದೆ, ಚಪ್ಪಟೆ ಫಿಲ್ಮ್ ಕೆಪ್ಯಾಸಿಟರ್ ಮಾತ್ರ ಕಂಡರೆ ಅದೇ ಜಾತಿ.

ಆ ಫ್ರಿಜ್ ಒಂದಕ್ಕಾಗಿ ಸೈನ್ ವೇವಿಗೇ ಹೋಗಿ ಅಂತ ನನ್ನ ಅಭಿಪ್ರಾಯ.

ವೈಂಡಿಂಗ್ ಅಂಗಡಿ (ಪುತ್ತೂರು):
ನನಗೂ ಹಾಗೇ ಅನಿಸುತ್ತದೆ ಮಾರಾಯ್ರೆ. ಫ್ಯಾನಿನ ಮೋಟಾರ್ ಸುತ್ತಿಸಲು ನಮ್ಮಲ್ಲಿಗೆ ತುಂಬಾ ಬರುತ್ತವೆ. "ಇನ್ವರ್ಟರಿನಲ್ಲಿ ಓಡಿದರೆ ಶಬ್ದ ಬರುತ್ತದೆ" ಅಂತ ಹೇಳಿ ತಂದವುಗಳ ಒಳಗೆ ತಂತಿಯ ಬಣ್ಣವೇ ಕಪ್ಪಾಗಿರುವುದುಂಟು.

ತುಮಕೂರು ಹೊಸಬ:
ಸರ್, ನಡುವೆ ಬಂದಿದ್ದಕ್ಕೆ ಬೇಸರ ಬೇಡ. ನಾನು ಕಾಲೇಜ್ ಪ್ರಾಜೆಕ್ಟಿಗೆ ಎಸ್‌ಜಿ3525 ಐಸಿಯಲ್ಲಿ ಮಾಡಿಫೈಡ್ ಸೈನ್ ಇನ್ವರ್ಟರ್ ಕಟ್ಟುತ್ತಿದ್ದೇನೆ. ಔಟ್‌ಪುಟ್ಟಿಗೆ 60 ವ್ಯಾಟ್ ಹಳದಿ ಬಲ್ಬು ಹಾಕಿದರೆ ಮನೆ ಕರೆಂಟಿನಷ್ಟೇ ಬೆಳಕು. ಆದರೆ ಮಲ್ಟಿಮೀಟರ್ 180 ವೋಲ್ಟ್ ತೋರಿಸುತ್ತದೆ. ಪ್ರೀಸೆಟ್ (ತಿರುಗಿಸಿ ಹೊಂದಿಸುವ ಪುಟ್ಟ ರೆಸಿಸ್ಟರ್) ತಿರುಗಿಸಿ 230ಕ್ಕೆ ತರಲಾ?

ಸೈನ್‌ತೀಟಾ (ಮೈಸೂರು):
ಬೇಡ, ಪ್ರೀಸೆಟ್ ಮುಟ್ಟಬೇಡಿ. ಬಲ್ಬು ಸರಿಯಾಗಿ ಹೇಳುತ್ತಿದೆ, ಮೀಟರ್ ತಪ್ಪು ಹೇಳುತ್ತಿದೆ.

ಸಾದಾ ಮಲ್ಟಿಮೀಟರ್ ನಿಜವಾದ ಆರ್‌ಎಂಎಸ್, ಅಂದರೆ ಬಲ್ಬನ್ನು ಅಷ್ಟೇ ಬೆಳಗಿಸುವ ಡಿಸಿ ವೋಲ್ಟೇಜಿಗೆ ಸಮನಾದ ಬೆಲೆ, ಅಳೆಯುವುದಿಲ್ಲ. ಅಲೆಯ ಸರಾಸರಿ ತೆಗೆದು 1.11ರಿಂದ ಗುಣಿಸಿ ತೋರಿಸುತ್ತದೆ. ಆ 1.11 ಸೈನ್ ವೇವಿಗೆ ಮಾತ್ರ ಹೊಂದುವ ಸಂಖ್ಯೆ. ನಿಮ್ಮದು ಅರ್ಧ ಹೊತ್ತು 325 ವೋಲ್ಟ್, ಉಳಿದರ್ಧ ಹೊತ್ತು ಸೊನ್ನೆ ಇರುವ ಅಲೆ ಅಂತಿಟ್ಟುಕೊಳ್ಳಿ. ಅದರ ಆರ್‌ಎಂಎಸ್ 230. ಸರಾಸರಿ 162.5. ಅದನ್ನು 1.11ರಿಂದ ಗುಣಿಸಿ, ನಿಮ್ಮ 180 ಬಂತು! ಪೂರ್ತಿ ಸ್ಕ್ವೇರ್ ವೇವಿನಲ್ಲಿ ಇದೇ ಮೀಟರ್ ತಿರುಗಾ ಮುರುಗಾ ಮಾಡುತ್ತದೆ, 230 ಇದ್ದರೆ 255 ಅನ್ನುತ್ತದೆ. ಟ್ರೂ ಆರ್‌ಎಂಎಸ್ ಅಂತ ಬರೆದಿರುವ ಮೀಟರ್ ಲ್ಯಾಬಿನಲ್ಲಿ ಇದ್ದೇ ಇರುತ್ತದೆ, ತಂದು ಅಳೆಯಿರಿ. ಈಗಿನ ಮೀಟರ್ ನಂಬಿ 230ಕ್ಕೆ ಏರಿಸಿದರೆ ನಿಜವಾದ ವೋಲ್ಟೇಜ್ 260ರ ಹತ್ತಿರ ಹೋಗುತ್ತದೆ.

ಮಾಡಿಫೈಡ್ ಸೈನ್ ವಿಷಯ ಬಂದದ್ದು ಒಳ್ಳೆಯದಾಯಿತು, ಏಕೆಂದರೆ ಹೆಸರು ಕೇಳಿ ಅದು ಸೈನಿಗೆ ಹತ್ತಿರ ಅಂದುಕೊಳ್ಳುವವರು ಬಹಳ. ಲೆಕ್ಕ ಹಾಕಿ ನೋಡಿ. ಪೀಕೂ (ಅಲೆಯ ತುದಿಯ ವೋಲ್ಟೇಜ್) 325, ಆರ್‌ಎಂಎಸ್ಸೂ 230, ಎರಡೂ ಮನೆ ಕರೆಂಟಿನಂತೆಯೇ ಇರಲಿ ಅಂತ ಅರ್ಧರ್ಧ ಮಾಡಿದರೆ, ಒಟ್ಟು ಹಾರ್ಮೋನಿಕ್, ಅಂದರೆ 50 ಹರ್ಟ್ಸ್ ಜೊತೆ ಸೇರಿದ ಬೇಡದ ಅಲೆಗಳ ಪಾಲು, ಶೇ. 48. ಪೂರ್ತಿ ಸ್ಕ್ವೇರ್ ವೇವಿನದೂ ಅದೇ ಶೇ. 48! ಅಡಾಪ್ಟರುಗಳಿಗೆ ಸರಿಯಾದ ಪೀಕ್ ಸಿಕ್ಕಿತೇ ಹೊರತು ಮೋಟಾರಿಗೆ ಏನೂ ಸಿಗಲಿಲ್ಲ. ಮೋಟಾರಿಗೆ ಉಪಕಾರ ಆಗಬೇಕಾದರೆ ಪ್ರತಿ ಅರ್ಧ ಸೈಕಲ್ಲಿನ 180 ಡಿಗ್ರಿಯಲ್ಲಿ 120 ಡಿಗ್ರಿ ಆನ್ ಇಡಬೇಕು. ಆಗ ಮೂರನೇ ಹಾರ್ಮೋನಿಕ್, ಅಂದರೆ ಆ 150 ಹರ್ಟ್ಸ್, ಪೂರ್ತಿ ಮಾಯ, ಒಟ್ಟು ಶೇ. 31ಕ್ಕೆ ಇಳಿಯುತ್ತದೆ. ಆದರೆ ಪೀಕ್ 282 ವೋಲ್ಟ್ ಇರುವ ಹಾಗೆ ಟ್ರಾನ್ಸ್‌ಫಾರ್ಮರ್ ಸುತ್ತಿಸಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ. ಇನ್ನೂ ಒಂದು ವಿಷಯ. ಎಸ್‌ಜಿ3525 ಬ್ಯಾಟರಿ ಇಳಿದ ಹಾಗೆ ಪಲ್ಸನ್ನು ಅಗಲ ಮಾಡಿ ವೋಲ್ಟೇಜ್ ಕಾಯ್ದುಕೊಳ್ಳುತ್ತದೆ. ಹಾಗಾಗಿ 120 ಡಿಗ್ರಿಯಲ್ಲಿ ಅದು ನಿಲ್ಲುವುದು ಬ್ಯಾಟರಿಯ ಯಾವುದೋ ಒಂದು ವೋಲ್ಟೇಜಿನಲ್ಲಿ ಮಾತ್ರ.

ತುಮಕೂರು ಹೊಸಬ:
ತುಂಬಾ ಥ್ಯಾಂಕ್ಸ್ ಸರ್. ಲ್ಯಾಬ್ ಮೀಟರ್ ತಂದು ಅಳೆದೆ, 228 ಬಂತು.

ಮಳೆಕಾಡು:
ಹಾಗಾದರೆ ಮಾಡಿಫೈಡ್ ಸೈನ್ ನನ್ನ ಮಟ್ಟಿಗೆ ಬಿಟ್ಟ ಹಾಗೇ. ಒಬ್ಬ ಸ್ನೇಹಿತ ಸೈನ್ ವೇವಿಗೆ ಇಜಿಎಸ್002 ಬೋರ್ಡ್ (ಮಾಸ್‌ಫೆಟ್ಟುಗಳಿಗೆ ಪಲ್ಸ್ ಕೊಡುವ ರೆಡಿಮೇಡ್ ಬೋರ್ಡ್) ತಂದಿದ್ದಾನೆ. ಎಚ್-ಬ್ರಿಜ್ (ನಾಲ್ಕು ಕಡೆ ಮಾಸ್‌ಫೆಟ್ ಸ್ವಿಚ್ ಇರುವ ಸರ್ಕ್ಯೂಟ್) ಕಟ್ಟಿ, ಹಳೆಯ 12 ವೋಲ್ಟ್ ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಹಾಕಿದ. ಅಲೆ ಚೆನ್ನಾಗಿದೆಯಂತೆ, ಆದರೆ 160 ವೋಲ್ಟ್ ಮೇಲೆ ಏರುತ್ತಿಲ್ಲ. ಇದೂ ಮೀಟರಿನ ತಪ್ಪಾ?

ಬೆಸುಗೆ:
ಅಲ್ಲ. ಈ ಸಲ ಮೀಟರ್ ನಿಜ ಹೇಳುತ್ತಿದೆ. ಸ್ಕ್ವೇರ್ ವೇವಿನ ಟ್ರಾನ್ಸ್‌ಫಾರ್ಮರ್ ಲೆಕ್ಕವನ್ನೇ ಸೈನಿಗೂ ಹಾಕಿದರೆ ಎಲ್ಲರಿಗೂ ಇದೇ ಆಗುವುದು.

12 ವೋಲ್ಟ್ ಬ್ಯಾಟರಿಯಿಂದ ಎಚ್-ಬ್ರಿಜ್ ಹೊರಡಿಸುವ ಸೈನಿನ ಪೀಕ್ 12 ವೋಲ್ಟೇ. ಆರ್‌ಎಂಎಸ್ ಬೇಕಾದರೆ 1.414ರಿಂದ ಭಾಗಿಸಿ, 8.5 ವೋಲ್ಟ್. ಅದನ್ನು 12ಕ್ಕೆ 230ರ ಟ್ರಾನ್ಸ್‌ಫಾರ್ಮರಿಗೆ ಕೊಟ್ಟರೆ 163 ಬರುತ್ತದೆ. ನಿಮ್ಮ ಸ್ನೇಹಿತರಿಗೆ ಬಂದದ್ದು ಅದೇ. ಬ್ಯಾಟರಿ 10.5ಕ್ಕೆ ಇಳಿದಾಗಲೂ 230 ಬರಬೇಕಾದರೆ ಪ್ರೈಮರಿ (ಟ್ರಾನ್ಸ್‌ಫಾರ್ಮರಿನ ಬ್ಯಾಟರಿ ಕಡೆ) 7 ವೋಲ್ಟ್ ಆಸುಪಾಸು ಇರಬೇಕು. ಬ್ಯಾಟರಿ ತುಂಬಿದ್ದಾಗ ಜಾಸ್ತಿ ಆಗುವುದನ್ನು ಬೋರ್ಡಿನ ಫೀಡ್‌ಬ್ಯಾಕ್ ಇಳಿಸಿಕೊಳ್ಳುತ್ತದೆ.

ಬೋರ್ಡ್ ಬಗ್ಗೆ ಎರಡು ಮಾತು. ಅದರಲ್ಲಿರುವ ಇಜಿ8010 ಚಿಪ್ 23.4 ಕಿಲೋಹರ್ಟ್ಸ್ ವೇಗದಲ್ಲಿ ಪಲ್ಸುಗಳ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ ಸೈನ್ ಮಾಡುತ್ತದೆ. ಡೆಡ್‌ಟೈಮ್, ಅಂದರೆ ಒಂದೇ ತೋಳಿನ ಮೇಲಿನ ಮಾಸ್‌ಫೆಟ್ ಆಫ್ ಆಗಿ ಕೆಳಗಿನದು ಆನ್ ಆಗುವ ನಡುವಿನ ಬಿಡುವು, ಜಂಪರಿನಲ್ಲಿ 300 ನ್ಯಾನೋಸೆಕೆಂಡಿನಿಂದ 1.5 ಮೈಕ್ರೋಸೆಕೆಂಡಿನವರೆಗೆ ಆರಿಸಿಕೊಳ್ಳಬಹುದು. ಮಾಸ್‌ಫೆಟ್ಟುಗಳನ್ನು ಪ್ಯಾರಲಲ್ ಹಾಕುವವರು ಕಡಿಮೆ ಬಿಡುವಿಗೆ ಆಸೆಪಡಬೇಡಿ, ಒಂದು ಮೈಕ್ರೋಸೆಕೆಂಡಿನಿಂದ ಶುರು ಮಾಡಿ. ಎರಡೂ ಒಂದು ಕ್ಷಣ ಒಟ್ಟಿಗೆ ಆನ್ ಆದರೂ ಬ್ಯಾಟರಿಗೆ ನೇರ ಶಾರ್ಟ್.

ಅಂದ ಹಾಗೆ ಸಿಡಿ4047 ಸರ್ಕ್ಯೂಟಿನಲ್ಲಿ ಈ ಬಿಡುವೇ ಇಲ್ಲ. ಆದರೂ ಅದು ಕಲಿಯುವವರಿಗೆ ಒಳ್ಳೆಯ ಸರ್ಕ್ಯೂಟ್, ಅದನ್ನು ಹೀಗಳೆಯುವುದು ನನಗೆ ಇಷ್ಟವಿಲ್ಲ. 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, 39 ಕಿಲೋಓಮ್ ಜೊತೆ 10 ಕಿಲೋಓಮ್ ಪ್ರೀಸೆಟ್, ಎರಡೂ ಸೇರಿ 45.5 ಕಿಲೋಓಮ್ ಆದಲ್ಲಿ ಸರಿಯಾಗಿ 50 ಹರ್ಟ್ಸ್. ಎರಡು ಎಲ್‌ಇಡಿ ಬಲ್ಬಿಗೆ ಇಷ್ಟು ಸುಲಭದ್ದು ಬೇರೆ ಸಿಗದು.

ವೈಂಡಿಂಗ್ ಅಂಗಡಿ:
ಟ್ರಾನ್ಸ್‌ಫಾರ್ಮರ್ ನನಗೆ ಬಿಡಿ. ಫ್ರಿಜ್ ಇರುವುದರಿಂದ 800 ವಿಎ ಕೋರ್ ಹಿಡಿಯಿರಿ, ನಡುವಿನ ಕಾಲಿನ ಅಳತೆ ಸುಮಾರು 32 ಚದರ ಸೆಂಟಿಮೀಟರ್. ಫ್ಲಕ್ಸ್ 1.2 ಟೆಸ್ಲಾಗೆ ಲೆಕ್ಕ ಹಾಕಿದರೆ ಒಂದು ವೋಲ್ಟಿಗೆ 1.17 ಸುತ್ತು. 230 ವೋಲ್ಟಿಗೆ 270 ಸುತ್ತು, ಬ್ಯಾಟರಿ ಕಡೆ 8 ಸುತ್ತು. ಅಲ್ಲಿಗೆ ಪ್ರೈಮರಿ 6.8 ವೋಲ್ಟ್ ಆಯಿತು, ಬೆಸುಗೆಯವರ ಲೆಕ್ಕಕ್ಕೆ ಹೊಂದುತ್ತದೆ.

ಎಂಟೇ ಸುತ್ತು ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ಲೋಡ್ ಒಟ್ಟು 430 ವ್ಯಾಟ್ ಅಂದರೂ ಆ ಎಂಟು ಸುತ್ತಿನಲ್ಲಿ 60 ಆಂಪಿಗಿಂತ ಹೆಚ್ಚು ಹರಿಯುತ್ತದೆ. ಚದರ ಮಿಲಿಮೀಟರಿಗೆ 3 ಆಂಪ್ ಅಂತ ಹಿಡಿದರೂ 20 ಚದರ ಮಿಲಿಮೀಟರ್ ತಾಮ್ರ ಬೇಕು. ದಪ್ಪ ಒಂಟಿ ತಂತಿ ಬಾಬಿನ್ನಿನ ಮೂಲೆಯಲ್ಲಿ ಬಗ್ಗುವುದಿಲ್ಲ. ತಾಮ್ರದ ಪಟ್ಟಿ ಹಾಕಿ, ಇಲ್ಲವೆ ಸಣ್ಣ ತಂತಿ ಹಲವನ್ನು ಜೊತೆ ಮಾಡಿ ಸುತ್ತಿ. ಅಲ್ಯೂಮಿನಿಯಂ ತಂತಿಯಲ್ಲಿ ಅಗ್ಗಕ್ಕೆ ಸುತ್ತಿಕೊಡುವವರಿದ್ದಾರೆ, ವಾರ್ನಿಷ್ ಬಳಿದ ಮೇಲೆ ನೋಡಿದರೆ ಗೊತ್ತೇ ಆಗುವುದಿಲ್ಲ. ತುದಿಯನ್ನು ಬ್ಲೇಡಿನಲ್ಲಿ ಕೆರೆದು ನೋಡಿಯೇ ದುಡ್ಡು ಕೊಡಿ. ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ.

ಮಳೆಕಾಡು:
ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ, ನಿಮಗೆಲ್ಲ ದೊಡ್ಡ ನಮಸ್ಕಾರ. ಒಂದು ಪ್ರಶ್ನೆ ಉಳಿಯಿತು. 150 ಎಎಚ್ ಬ್ಯಾಟರಿ ಇಷ್ಟನ್ನೂ ಎಷ್ಟು ಹೊತ್ತು ಎಳೆಯುತ್ತದೆ?

ಸೈನ್‌ತೀಟಾ:
430 ವ್ಯಾಟನ್ನು ಇನ್ವರ್ಟರಿನ ಶೇ. 85ರ ದಕ್ಷತೆಯಿಂದ ಭಾಗಿಸಿ, ಮತ್ತೆ 12ರಿಂದ ಭಾಗಿಸಿ: ಬ್ಯಾಟರಿಯಿಂದ 42 ಆಂಪ್. ಬ್ಯಾಟರಿಯ ಮೇಲೆ ಬರೆದ 150 ಎಎಚ್ ನಿಜವಾಗುವುದು 20 ಗಂಟೆ ನಿಧಾನವಾಗಿ, 7.5 ಆಂಪಿನಂತೆ ಎಳೆದಾಗ. 42 ಆಂಪ್ ಎಳೆದರೆ ಅಷ್ಟು ಕೊಡುವುದಿಲ್ಲ. ಎರಡು ಗಂಟೆ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಎರಡು ದಿನದ ಪವರ್ ಕಟ್ಟಿಗೆ ಇದು ಯಾವ ಮೂಲೆಗೆ?

ಹಾಗಾಗಿ ಅಲೆಯ ಆಕಾರಕ್ಕಿಂತ ಮೊದಲು ಫ್ಯಾನ್ ಬದಲಾಯಿಸುವ ಬಗ್ಗೆ ಯೋಚಿಸಿ. ಹಳೆಯ ಫ್ಯಾನ್ ಒಂದಕ್ಕೆ 75 ವ್ಯಾಟ್, ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಫ್ಯಾನಿಗೆ ಫುಲ್ ಸ್ಪೀಡಿನಲ್ಲಿ 30 ಚಿಲ್ಲರೆ. ಮೂರು ಫ್ಯಾನಿನಿಂದಲೇ 120 ವ್ಯಾಟಿಗೂ ಹೆಚ್ಚು ಉಳಿಯಿತು. ಬಿಎಲ್‌ಡಿಸಿ ಫ್ಯಾನ್ ಒಳಗೆ ಎಸಿಯನ್ನು ಡಿಸಿ ಮಾಡಿಕೊಂಡೇ ಓಡುವುದರಿಂದ ಅದಕ್ಕೆ ಅಲೆಯ ತಕರಾರೂ ಇಲ್ಲ. ಫ್ರಿಜ್ ಇಲ್ಲದ ಮನೆಯವರು ಈ ಚರ್ಚೆ ಓದುತ್ತಿದ್ದರೆ ಅವರಿಗೆ ನೇರವಾಗಿ ಹೇಳುತ್ತೇನೆ: ಸೈನ್ ವೇವಿಗೆ ಸುರಿಯುವ ದುಡ್ಡನ್ನು ಬಿಎಲ್‌ಡಿಸಿ ಫ್ಯಾನಿಗೆ ಹಾಕಿ, ಸಾದಾ ಇನ್ವರ್ಟರೇ ಸಾಕು.

ನಿಮ್ಮ ಫ್ರಿಜ್ ಇಡೀ ದಿನ ಆನ್ ಇರಬೇಕಾಗಿಲ್ಲ. ಬಾಗಿಲು ತೆಗೆಯದೆ ಬಿಟ್ಟರೆ ನಾಲ್ಕು ಗಂಟೆಯಷ್ಟು ತಂಪು ಹಿಡಿದಿಟ್ಟುಕೊಳ್ಳುತ್ತದೆ. ಮೂರ್ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಹೊತ್ತು ಹಾಕಿ ತೆಗೆಯಿರಿ. ಇನ್ಸುಲಿನ್ 2 ರಿಂದ 8 ಡಿಗ್ರಿಯಲ್ಲಿ ಇರಬೇಕು, ಒಳಗೊಂದು ಥರ್ಮಾಮೀಟರ್ ಇಡಿ. ಫ್ರೀಜರಿನ ಹತ್ತಿರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಬೆಸುಗೆ:
ರೂಟರನ್ನು ಇನ್ವರ್ಟರಿಗೆ ಹಾಕಲೇಬೇಡಿ. ಅದು ಓಡುವುದೇ 12 ವೋಲ್ಟ್ ಡಿಸಿಯಲ್ಲಿ. ನಡುವೆ ಒಂದು ಬಕ್-ಬೂಸ್ಟ್ ಮಾಡ್ಯೂಲ್ (ಬ್ಯಾಟರಿ ಏರಿಳಿದರೂ ಒಂದೇ ವೋಲ್ಟೇಜ್ ಕೊಡುವುದು), ಪುಟ್ಟ ಫ್ಯೂಸ್ ಹಾಕಿ ಬ್ಯಾಟರಿಯಿಂದಲೇ ಕೊಡಿ. ನೇರ ಮಾತ್ರ ಬೇಡ, ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್ ತಲುಪುತ್ತದೆ. ರಾತ್ರಿಯಿಡೀ ಇನ್ವರ್ಟರ್ ಬರಿದೇ ಆನ್ ಇರುವುದು ತಪ್ಪುತ್ತದೆ.

ಧಾರವಾಡ ವೈರ್‌ಮನ್:
ನಮಸ್ಕಾರ್ರೀ. ಎಲ್ಲಾ ಛಲೋ ಬರದೀರಿ. ಆದ್ರ ಒಂದು ಮಾತು ಯಾರೂ ಹೇಳಿಲ್ಲ, ಅದಕ್ಕ ಬಂದೆ. ಇನ್ವರ್ಟರಿಂದ ಮನಿಗೆ ಕನೆಕ್ಷನ್ ಹ್ಯಾಂಗ ಕೊಡ್ತೀರಿ?

ಎರಡೂ ಕಡೆ ಗಂಡು ಪ್ಲಗ್ ಇರೋ ವಾಯರ್ ಮಾಡಿ ಗ್ವಾಡಿ ಸಾಕೆಟ್ಟಿಗೆ ಚುಚ್ಚೋ ಮಂದಿನ್ನ ನಾ ಕಣ್ಣಾರೆ ನೋಡೀನ್ರಿ. ಅದೊಂದು ಮಾಡಬ್ಯಾಡ್ರಿ. ಮೇನ್ ಸ್ವಿಚ್ ತಗದೀನಿ ಅಂತೀರಿ, ಯಾರೋ ಮರತು ಹಾಕ್ತಾರ. ನಿಮ್ಮ ಇನ್ವರ್ಟರ್ ಕರೆಂಟ್ ಕಂಬಕ್ಕ ಹೋಗತದ. ಟ್ರಾನ್ಸ್‌ಫಾರ್ಮರ್‌ಗೆ ಎತ್ತ ಕಡಿಂದ ಕೊಟ್ರೂ ನಡೀತದರೀ, 230 ಕೊಟ್ರ ಆ ಕಡೆ 11 ಸಾವಿರ. ಊರ ಲೋಡಿಗೆ ಸಣ್ಣ ಇನ್ವರ್ಟರ್ ನಿಲ್ಲೂದಿಲ್ಲ, ಟ್ರಿಪ್ ಆಗತದ ಅಂತ ಕೆಲವರು ವಾದ ಮಾಡ್ತಾರ. ಖರೆ. ಆದ್ರ ಮಳೆಕಾಡು ಅವರ ಊರಾಗ ಏನಾಗತದ ನೋಡ್ರಿ. ಗಿಡ ಬಿದ್ದು ಕಂಬದಿಂದ ಮನಿಗೆ ಬರೋ ಸರ್ವಿಸ್ ವಾಯರ್ ಹರೀತದ. ಆಗ ಊರ ಲೋಡ್ ಇಲ್ಲ, ಟ್ರಿಪ್ ಆಗಂಗಿಲ್ಲ. ನೆಲಕ್ಕ ಬಿದ್ದ ತುಂಡು ವಾಯರಿನ್ಯಾಗ ನಿಮ್ಮ ಮನಿ ಕರೆಂಟೇ ಇರತದ. ಲೈನ್ ಆಫ್ ಮಾಡಿಸಿ ಬಂದ ಪವರ್‌ಮನ್ ಅದನ್ನ ಕೈಲೆ ಎತ್ತತಾನ.

ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕ್ರಿ. ಫೇಸ್ ಮತ್ತ ನ್ಯೂಟ್ರಲ್ ಎರಡೂ ಒಮ್ಮೆಲೆ ಬದಲಾಗಬೇಕು. ಒಂದು ಕಡೆ ಲೈನ್, ಒಂದು ಕಡೆ ಇನ್ವರ್ಟರ್, ನಡುವ ಆಫ್. ಹಿಂಗಿದ್ರ ಎರಡೂ ಕೂಡೋದು ಸಾಧ್ಯನ ಇಲ್ಲ.

ವೈಂಡಿಂಗ್ ಅಂಗಡಿ:
ವೈರ್‌ಮನ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸತ್ಯ. ಈ ಪೋಸ್ಟನ್ನು ಮೇಲೆ ಪಿನ್ ಮಾಡಬೇಕು.

ಮಳೆಕಾಡು:
ಚೇಂಜ್‌ಓವರ್ ಖಂಡಿತ ಹಾಕುತ್ತೇನೆ, ನಮ್ಮ ಮೆಸ್ಕಾಂ ಪವರ್‌ಮನ್ ನಮ್ಮ ಪಕ್ಕದ ಮನೆಯವರೇ.

ಈಗ ತೀರ್ಮಾನ ಮಾಡಿದ್ದು: ಪ್ಯೂರ್ ಸೈನ್, ಇಜಿಎಸ್002 ಬೋರ್ಡ್, 800 ವಿಎ ಟ್ರಾನ್ಸ್‌ಫಾರ್ಮರ್ 8 ಸುತ್ತು ಮತ್ತು 270 ಸುತ್ತು, ಎಚ್-ಬ್ರಿಜ್ಜಿಗೆ ಐಆರ್‌ಎಫ್3205 ಮಾಸ್‌ಫೆಟ್ ಒಂದೊಂದು ಜಾಗಕ್ಕೆ ನಾಲ್ಕರಂತೆ ಹದಿನಾರು. ಎರಡು ಫ್ಯಾನ್ ಬಿಎಲ್‌ಡಿಸಿ ಮಾಡುತ್ತೇವೆ, ರೂಟರ್ ಬ್ಯಾಟರಿಗೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಸಾಮಾನು ತರುತ್ತೇನೆ. ಮೊದಲ ಸಲ ಆನ್ ಮಾಡುವಾಗ ಏನು ನೋಡಿಕೊಳ್ಳಬೇಕು? ಬ್ಯಾಟರಿ ವಯರ್ ಎಷ್ಟು ದಪ್ಪ?

ಬೆಸುಗೆ:
ಮಾಸ್‌ಫೆಟ್ ತರುವಾಗ ನಾಲ್ಕು ಹೆಚ್ಚಿಗೆ ತನ್ನಿ. ಒಂದೊಂದರ ಗೇಟಿಗೂ ಬೇರೆ ಬೇರೆ 10 ಓಮ್ ರೆಸಿಸ್ಟರ್, ನಾಲ್ಕಕ್ಕೂ ಸೇರಿ ಒಂದೇ ಹಾಕಬೇಡಿ. ಗೇಟಿನಿಂದ ಸೋರ್ಸಿಗೆ 10 ಕಿಲೋಓಮ್ ಇರಲಿ, ಬೋರ್ಡ್ ಪ್ಲಗ್ ಸಡಿಲವಾದರೂ ಗೇಟ್ ತೇಲಬಾರದು. ಸೆಕೆಂಡರಿಗೆ (230 ವೋಲ್ಟ್ ಕಡೆಗೆ) ಅಡ್ಡವಾಗಿ 2.2 ರಿಂದ 4.7 ಮೈಕ್ರೋಫ್ಯಾರಡ್ ಎಸಿ ಫಿಲ್ಮ್ ಕೆಪ್ಯಾಸಿಟರ್, ಪ್ರೈಮರಿಯ ಸಾಲಿನಲ್ಲಿ ಫೆರೈಟ್ ಕೋರಿನ ಚೋಕ್ (ಕಾಯಿಲ್). ಇವೆರಡೂ ಸೇರಿಯೇ 23 ಕಿಲೋಹರ್ಟ್ಸ್ ಪಲ್ಸನ್ನು ತೊಳೆದು ಸೈನ್ ಉಳಿಸುವುದು. ಚೋಕ್ ಬಿಟ್ಟು ಕೆಪ್ಯಾಸಿಟರ್ ಮಾತ್ರ ಹಾಕಿದರೆ ಲೋಡಿಲ್ಲದೆಯೂ ಮಾಸ್‌ಫೆಟ್ ಬಿಸಿಯಾಗುತ್ತದೆ.

ಮೊದಲ ಸಲ ಆನ್ ಮಾಡುವಾಗ ಬ್ಯಾಟರಿಯ ಪ್ಲಸ್ ವಯರಿನ ನಡುವೆ ಕಾರಿನ 12 ವೋಲ್ಟ್ 55 ವ್ಯಾಟ್ ಹೆಡ್‌ಲೈಟ್ ಬಲ್ಬು ಸೀರೀಸಿನಲ್ಲಿ ಹಾಕಿ. ಎಲ್ಲ ಸರಿ ಇದ್ದರೆ ಬಲ್ಬು ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್ಲೋ ಶಾರ್ಟ್ ಇದ್ದರೆ ಝಗ್ ಅಂತ ಪೂರ್ತಿ ಉರಿಯುತ್ತದೆ, ಹೋಗುವ ಕರೆಂಟ್ 5 ಆಂಪ್ ದಾಟುವುದಿಲ್ಲ, ಮಾಸ್‌ಫೆಟ್ ಉಳಿಯುತ್ತವೆ. ಬಲ್ಬು ಮಂಕಾಗಿ ನಿಂತ ಮೇಲೆಯೇ ಅದನ್ನು ತೆಗೆದು ನೇರ ಕೊಡಿ, ಔಟ್‌ಪುಟ್ಟಿಗೆ 60 ವ್ಯಾಟ್ ಹಳದಿ ಬಲ್ಬು ಹಾಕಿ, ಫೀಡ್‌ಬ್ಯಾಕ್ ಪ್ರೀಸೆಟ್ಟಿನಲ್ಲಿ 230ಕ್ಕೆ ಕೂರಿಸಿ. ಫ್ರಿಜ್ ಕೊನೆಗೆ. ಶುರುವಾಗುವ ಆ ಒಂದು ಕ್ಷಣ ಕಂಪ್ರೆಸರ್ ಮಾಮೂಲಿಯ ಹಲವು ಪಟ್ಟು ಎಳೆಯುತ್ತದೆ. ಆಗ ಬ್ಯಾಟರಿ ಟರ್ಮಿನಲ್ಲಿನ ವೋಲ್ಟೇಜೂ ಬೋರ್ಡಿನ ಹತ್ತಿರದ ವೋಲ್ಟೇಜೂ ಎರಡನ್ನೂ ನೋಡಿ. ಬ್ಯಾಟರಿ ಹತ್ತಿರ 12, ಬೋರ್ಡ್ ಹತ್ತಿರ 10 ಇದ್ದರೆ ತಪ್ಪು ವಯರಿನದು, ಇಲ್ಲವೆ ಲಗ್ಗಿನದು (ವಯರಿನ ತುದಿಗೆ ಒತ್ತುವ ಲೋಹದ ಕೊಂಡಿ).

ಧಾರವಾಡ ವೈರ್‌ಮನ್:
ವಾಯರ್ 25 ಚದರ ಮಿಲಿಮೀಟರ್ ತಾಮ್ರ ಹಾಕ್ರಿ. ಹೋಗಿ ಬರೋದು ಸೇರಿ ಮೂರು ಮೀಟರ್ ಒಳಗ ಇರಲಿ. ಮನಿ ವಾಯರಿಂಗಿನ 2.5 ಚದರ ಮಿಲಿಮೀಟರ್ ತುಂಡು ಉಳದದ ಅಂತ ಹಾಕಬ್ಯಾಡ್ರಿ. 42 ಆಂಪಿಗೆ ಅದರಾಗ 0.9 ವೋಲ್ಟ್ ಹೋಗತದ, ಅಂದ್ರ 30 ವ್ಯಾಟಿಗಿಂತ ಜಾಸ್ತಿ ಬರೀ ವಾಯರ್ ಕಾಯಾಕ. ಲಗ್ಗು ಕಟಿಂಗ್ ಪ್ಲೇಯರಿನ್ಯಾಗ ಒತ್ತಬ್ಯಾಡ್ರಿ, ಕ್ರಿಂಪಿಂಗ್ ಟೂಲ್ ಇರೋ ಅಂಗಡ್ಯಾಗ ಮಾಡಿಸ್ರಿ.

ಫ್ಯೂಸ್ 100 ಆಂಪ್, ಡಿಸಿಗೆ ಮಾಡಿದ್ದು, ಬ್ಯಾಟರಿ ಪ್ಲಸ್ಸಿಂದ ಒಂದು ಅಡಿ ಒಳಗ. ಫ್ಯೂಸ್ ಇನ್ವರ್ಟರ್ ಡಬ್ಬಿ ಒಳಗಿಟ್ರ ನಡುವಿನ ವಾಯರ್ ಶಾರ್ಟ್ ಆದಾಗ ಏನೂ ಉಪಯೋಗ ಇಲ್ರಿ. ಮತ್ತ ಬ್ಯಾಟರಿ ಇಡೋ ಕಡೆ ಗಾಳಿ ಆಡಬೇಕು, ಚಾರ್ಜ್ ಆಗುವಾಗ ಹೈಡ್ರೋಜನ್ ಬರತದ. ದೇವರ ಮನಿ, ಅಡಗಿ ಮನಿ ಕಡೆ ಬ್ಯಾಡ.

ಮಳೆಕಾಡು:
ಬರೆದಿಟ್ಟುಕೊಂಡೆ. ಬ್ಯಾಟರಿ ಜಗುಲಿಯ ಮೂಲೆಗೆ ಹೋಗುತ್ತದೆ. ಪುತ್ತೂರಿನವರೇ, ಟ್ರಾನ್ಸ್‌ಫಾರ್ಮರ್ ನಿಮ್ಮಲ್ಲೇ ಸುತ್ತಿಸಬಹುದಾ? ಸಾಗರಕ್ಕೆ ಕಳಿಸುವ ವ್ಯವಸ್ಥೆ ಇದೆಯಾ?

ವೈಂಡಿಂಗ್ ಅಂಗಡಿ:
ಆಯ್ತು, ಮೆಸೇಜ್ ಮಾಡಿ. ತಾಮ್ರದ ಪಟ್ಟಿ ಬಂದ ಮೇಲೆ ಸುತ್ತುವುದು ಒಂದು ದಿನದ ಕೆಲಸ, ವಾರ್ನಿಷ್ ಒಣಗಲು ಇನ್ನೊಂದು ದಿನ ಬೇಕು. ಬಸ್ಸಿನ ಪಾರ್ಸೆಲ್‌ನಲ್ಲಿ ಹಾಕುತ್ತೇನೆ. ನೋ-ಲೋಡ್ ಕರೆಂಟ್ ಎಷ್ಟು ಬಂತು ಅಂತ ಚೀಟಿ ಬರೆದು ಕೋರಿಗೇ ಅಂಟಿಸಿರುತ್ತೇನೆ, ನೀವೂ ಅಳೆದು ಹೊಂದಿಸಿ ನೋಡಿ.